ಫ್ರಿಜ್ ಇಳಿಸುವಾಗ

ಅಪ್ಪನಿಗೆ,

ನಮಸ್ಕಾರ ಆಮೇಲೆ. ಮೊದಲು ಆ ಫ್ರಿಜ್ ಖಾಲಿ ಮಾಡಿ.

ಇವತ್ತು ನಮ್ಮ ಕಾರ್ಖಾನೆಯ ಕ್ರೇನಿಗೆಂದು ತರಿಸಿದ ಹಗ್ಗ ಪರೀಕ್ಷೆಯಲ್ಲೇ ಕಿತ್ತುಹೋಯಿತು. ಇಡೀ ಲೋಡ್ ವಾಪಸ್ ಕಳಿಸಿ ಎಂದೆ. ಸಪ್ಲೈಯರ್ ಎಲ್ಲರ ಮುಂದೆ ಹಲ್ಲು ಕಿರಿದು, "ಮೇಡಂ, ನಾವು ಕಳ್ಸಿದ ಫ್ರಿಜ್ ಚೆನ್ನಾಗಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ರು" ಎಂದ. ನನ್ನ ಕೈಕೆಳಗಿನವರೆಲ್ಲ ನನ್ನ ಮುಖ ನೋಡಿದರು.

ಖರೀದಿ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿ ಮುಖ್ಯಸ್ಥೆಯಾಗುವವರೆಗೆ ಯಾವ ಸಪ್ಲೈಯರ್ ಕೊಟ್ಟ ಕಾಫಿಯನ್ನೂ ಕುಡಿಯದೆ ಉಳಿಸಿಕೊಂಡ ಹೆಸರು ನನ್ನದು. ಅದಕ್ಕೆ ನೀವು ಎಳ್ಳುನೀರು ಬಿಟ್ಟಿರಿ, ಅದೂ ಫ್ರಿಜ್ಜಿನ ತಣ್ಣೀರು. "ಮನೆ ಬಾಗ್ಲಿಗೆ ಬಂದಿದ್ದನ್ನ ಬೇಡ ಅನ್ನೋಕಾಗುತ್ತಾ" ಎಂದು ಅಮ್ಮನ ಕೈಲಿ ಹೇಳಿಸಬೇಡಿ. ಬೇಡ ಅನ್ನುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಹಗ್ಗ ವಾಪಸ್ ಹೋಯಿತು. ಭಾನುವಾರ ಅವನ ಆಳುಗಳು ಫ್ರಿಜ್ ಒಯ್ಯಲು ಬರುತ್ತಾರೆ. ನಮ್ಮ ಮೆಟ್ಟಿಲು ಕಿರಿದು, ಹತ್ತಿಸಿದ ಹಾಗೆಯೇ ಬಾಲ್ಕನಿಯಿಂದ ಇಳಿಸುತ್ತಾರೆ. ಕೆಳಗೆ ಆಡುವ ಮಕ್ಕಳನ್ನು ಮನೆಗೆ ಕಳಿಸಿ. ನೀವೂ ಅಲ್ಲಿ ನಿಲ್ಲಬೇಡಿ. ಅವರು ತರುವುದು ಅವನದೇ ಹಗ್ಗ.

ಇಷ್ಟೇ,
ನಿಮ್ಮ ಮಗಳು