ಚೌಕದ ಹೊರಗುಳಿದ ನನ್ನ ಮುಖ

ಒಂದೇ ಗುರುವಿನ ಬಳಿ ಓದಿ, ಒಂದೇ ವ್ಯಾಸಪೀಠದೆದುರು ಮೂವತ್ತು ಶ್ರಾವಣ ನನ್ನೊಡನೆ ಕುಳಿತ ಗೆಳೆಯ ಚನ್ನವೀರಯ್ಯನಿಗೆ,

ನೀನು ಶಿವಸಾನ್ನಿಧ್ಯದಲ್ಲಿರುವೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿಯೂ ನಿನಗೆ ಮುಂದಿನ ಸಾಲಿನಲ್ಲಿಯೇ ಜಾಗ ದೊರೆತಿರಬೇಕು. ಇದನ್ನು ಪ್ರೀತಿಯ ಮಾತೆಂದು ತಿಳಿಯಬೇಡ, ಅಸೂಯೆಯಿಂದಲೇ ಬರೆಯುತ್ತಿದ್ದೇನೆ. ಲಿಂಗಪೂಜೆ ಮುಗಿಸಿ ಎದ್ದ ಕೈಯಿಂದ ಸುಳ್ಳು ಬರೆಯಲಾರೆ.

ಕೊಟ್ಟೂರಿನ ನಮ್ಮ ಮಠದ ಕ್ರಮ ನಿನಗೆ ನೆನಪಿದೆಯಷ್ಟೆ? ನಡುವೆ ಪೀಠದ ಮೇಲೆ ಪುರಾಣದ ಗ್ರಂಥ, ಅದರ ಒಂದು ಬದಿಗೆ ಪದ್ಯ ಹಾಡುವ ನೀನು, ಇನ್ನೊಂದು ಬದಿಗೆ ಅರ್ಥ ಹೇಳುವ ನಾನು. ಮಧ್ಯದ ಸ್ಥಾನ ಗ್ರಂಥಕ್ಕೇ ಹೊರತು ಮನುಷ್ಯನಿಗಲ್ಲ. ಆದರೂ ನೀನು ಹಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಅರ್ಥ ಬಿಡಿಸತೊಡಗಿದರೆ ಮಕ್ಕಳನ್ನು ಹೊರಗೆ ಕರೆದೊಯ್ಯಲು ಅದೇ ಹೊತ್ತೆಂದು ಏಳುತ್ತಿದ್ದರು. ವ್ಯಾಕರಣ, ಛಂದಸ್ಸು, ಶಾಸ್ತ್ರ ಎಲ್ಲದರಲ್ಲಿ ನಿನಗಿಂತ ಮುಂದಿದ್ದ ನನಗೆ ಆ ಕೊರಳೊಂದನ್ನು ದೇವರು ಏಕೆ ಕೊಡಲಿಲ್ಲ?

ಟಿವಿಯವರು ಬಂದ ದಿನವನ್ನು ಹೇಳುತ್ತೇನೆ. ಕ್ಯಾಮೆರಾದವನು ಪೀಠವನ್ನು ಪಕ್ಕಕ್ಕೆ ಸರಿಸಿ, ಹಾರ್ಮೋನಿಯಂ ಸಮೇತ ನಿನ್ನನ್ನು ನಡುವೆ ಕೂರಿಸಿದ. ನೀನೇ ಕೇಳಿಕೊಂಡೆಯೋ, ಅವನೇ ಕೂರಿಸಿದನೋ, ಇಂದಿಗೂ ತಿಳಿಯದು. ಬೇಡವೆಂದು ನೀನು ಹೇಳಲಿಲ್ಲ, ಅಷ್ಟನ್ನು ಬಲ್ಲೆ.

ಪ್ರಸಾರದ ದಿನ ನಮ್ಮ ಪಡಸಾಲೆಯಲ್ಲಿ ಓಣಿಯೇ ನೆರೆದಿತ್ತು. ಹಡಗಲಿ, ಹರಪನಹಳ್ಳಿಯ ಬೀಗರಿಗೆಲ್ಲ ಸೊಸೆ ಫೋನು ಮಾಡಿದ್ದಳು. ತೆರೆಯ ಮೇಲೆ ನೀನು ಹುಣ್ಣಿಮೆಯ ಚಂದ್ರನಂತೆ ತುಂಬಿಕೊಂಡಿದ್ದೆ. ನನ್ನದೆಂದರೆ ಒಂದು ಮೊಣಕಾಲು, ಆಗಾಗ ಒಳಬಂದು ಹೋಗುವ ಒಂದು ಕೈ. ಮಾತು ಮಾತ್ರ ಅಶರೀರವಾಣಿಯಂತೆ ಕೇಳುತ್ತಿತ್ತು. ಪಕ್ಕದ ಮನೆಯ ರುದ್ರಮ್ಮ ತೆರೆಯ ಹತ್ತಿರಕ್ಕೆ ಬಾಗಿ, "ದನಿ ನಿಮ್ದ ಐತ್ರಿ ಅಯ್ಯನೋರ, ನೀವ ಎಲ್ಲಿ ಅದೀರಿ?" ಎಂದಳು. ಮರುದಿನ ಸಂತೆಯಲ್ಲಿ ಎಲೆ ಮಾರುವವನು ಕೂಡ, "ಮೊಣಕಾಲು ಭಾಳ ಚಲೋ ಬಂದಿತ್ತು ಬಿಡ್ರಿ" ಎಂದ.

ಕೇಬಲ್ ನಡೆಸುವ ಬಸವರಾಜನನ್ನು ಕರೆಸಿ ಕೇಳಿದೆ. "ಈಗಿನ ಕ್ಯಾಮೆರಾ ಅಗಲಕ ತೆಗೀತಾವ್ರಿ. ಮನಿಮನ್ಯಾಗ ಇರೋ ಟಿವಿ ಚೌಕ. ಅದಕ್ಕ ಕಳಿಸೋವಾಗ ಎರಡೂ ಕಡಿ ಕತ್ತರಿಸಿ ನಡುವಿಂದಷ್ಟ ಕಳಿಸ್ತಾರ. ಗ್ರಂಥ ನಡುವ ಇಟ್ಟು ಕುಂತಿದ್ರ ಇಬ್ಬರೂ ಅರ್ಧರ್ಧ ಬರ್ತಿದ್ರಿ ನೋಡ್ರಿ" ಎಂದ. ಅರ್ಧವಾದರೂ ಸಮಪಾಲು ಸಿಗುತ್ತಿತ್ತಲ್ಲ ಎಂದು ನನ್ನ ಸಿಟ್ಟು ಮತ್ತಷ್ಟು ಏರಿತು.

ನೀನು ಮನೆಗೆ ಬಂದೆ. "ಲೇ ಶಾಂತಯ್ಯ, ಟಿವಿ ಮಂದಿ ಮಾಡಿದ್ದಕ್ಕ ನನ್ನ ಮ್ಯಾಲ ಯಾಕೋ ಸಿಟ್ಟು? ಬರೋ ಶ್ರಾವಣಕ್ಕ ನೀನ ನಡುವ ಕುಂಡ್ರು."

"ಮೊಣಕಾಲು ನೋವು ಐತಿ, ಕೂಡಾಕ ಆಗೂದಿಲ್ಲ" ಎಂದೆ.

"ಟಿವ್ಯಾಗ ಗಟ್ಟಿ ಕಾಣ್ತಿತ್ತಲ್ಲೋ!" ಎಂದು ನೀನು ನಕ್ಕೆ. ನಾನು ನಗಲಿಲ್ಲ. ಎರಡು ಶ್ರಾವಣ ಅದೇ ನೆಪ ಹೇಳಿದೆ. ಮೂರನೆಯದು ಬರುವಷ್ಟರಲ್ಲಿ ನೀನೇ...

ನೀನು ಹೋದ ಮೇಲೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ನಮ್ಮ ಮನೆಗೆ ಅಗಲ ಟಿವಿ ಬಂದ ಹೊಸತರಲ್ಲಿ ನಿನ್ನ ಕಾರ್ಯಕ್ರಮವನ್ನು ಮತ್ತೆ ಹಾಕಿದರು. ಚೌಕ ಚಿತ್ರವನ್ನು ಆ ಟಿವಿ ಎಳೆದು ಹಿಗ್ಗಿಸಿದ್ದರಿಂದ ನಿನ್ನ ಮುಖ ತಟ್ಟಿದ ರೊಟ್ಟಿಯಂತೆ ಹರಡಿತ್ತು. "ಸರಿ ಮಾಡ್ಲೇನ್ರಿ ಮಾವಾರ?" ಎಂದು ಸೊಸೆ ರಿಮೋಟು ಎತ್ತಿಕೊಂಡಳು. "ಇರಲಿ ಬಿಡವ್ವ" ಎಂದೆ. ಮುಗಿಯುವವರೆಗೂ ಕುಳಿತು ನೋಡಿದೆ.

ಕಳೆದ ಸೋಮವಾರ ಪೂಜೆ ಮುಗಿಸಿ ನಿಮ್ಮ ಮನೆಯ ಕಡೆ ಹೋಗಿದ್ದಾಗ ನಿನ್ನ ಮಡದಿ ಗಂಗಮ್ಮ ಒಳಗೆ ಕರೆದಳು. ಬೀಗ ಹಾಕಿದ್ದ ನಿನ್ನ ಪೆಟ್ಟಿಗೆಯನ್ನು ತೆರೆದಾಗ ಡಿಸ್ಕ್ ಒಂದು ಸಿಕ್ಕಿತಂತೆ. ಟಿವಿಯವರು ನಿನಗೆ ಕೊಟ್ಟಿದ್ದ, ಯಾವ ಬದಿಯನ್ನೂ ಕತ್ತರಿಸದ ಮೂಲಪ್ರತಿ. ನಿಮ್ಮ ಮನೆಗೂ ಈಗ ಬಂದಿರುವ ಅಗಲ ಟಿವಿಯಲ್ಲಿ ಅದನ್ನು ಹಾಕಿದರು. ಕೊನೆಗೂ ನಾನು ಬಂದೆ, ರುಮಾಲಿನಿಂದ ಪಾದದವರೆಗೆ! ನೀನು ಪದ್ಯವನ್ನು ಮೇಲಕ್ಕೆತ್ತುತ್ತಿದ್ದೆ. ಕ್ಯಾಮೆರಾದ ನೆನಪೇ ಇಲ್ಲದೆ ನಾನು ನಿನ್ನನ್ನೇ ನೋಡುತ್ತಿದ್ದೆ, ಹಸಿದವನು ಮತ್ತೊಬ್ಬನ ಎಲೆಯನ್ನು ನೋಡುವಂತೆ. ತುಟಿ ಸೊಟ್ಟ, ಹುಬ್ಬು ಗಂಟು. ಹಾಡು ಮುಗಿಯುವವರೆಗೂ ಆ ಮುಖ ಸಡಿಲಲಿಲ್ಲ.

ಗಂಗಮ್ಮ ನನ್ನತ್ತ ತಿರುಗಿ, "ಅವತ್ತು ಆರಾಮ ಇದ್ದಿಲ್ಲೇನ್ರಿ ನಿಮಗ?" ಎಂದಳು. ಊರ ತುಂಬ ಚೌಕ ಟಿವಿಗಳಿದ್ದುದರಿಂದ ನನ್ನ ಮಾನ ಉಳಿದಿತ್ತು. ಯಾವ ಕತ್ತರಿಯನ್ನು ಶಪಿಸಿದೆನೋ ಅದೇ ನನ್ನನ್ನು ಕಾಪಾಡಿತ್ತು.

ಅಷ್ಟಕ್ಕೇ ಮುಗಿದಿದ್ದರೆ ತಾಳಿಕೊಳ್ಳುತ್ತಿದ್ದೆ. ಆಕೆ ಮುಂದುವರಿಸಿದಳು: "ನಮ್ಮ ಮನಿಯವರು ನಿಮ್ಮ ಮನಿಗೆ ಬರೂಕಿಂತ ಮೊದ್ಲ, ಹೊಸಪೇಟ್ಯಾಗ ಅಳಿಯನ ಮನ್ಯಾಗಿನ ಅಗಲ ಟಿವ್ಯಾಗ ಇದನ್ನ ಒಂದ ಸಲ ನೋಡಿ ಬಂದ್ರು ನೋಡ್ರಿ. ಬಂದ ಕೂಡ್ಲೆ ಪೆಟ್ಟಿಗಿಗೆ ಹಾಕಿ ಬೀಗ ಜಡಿದ್ರು. ಯಾರು ಕೇಳಿದ್ರೂ ಕೆಟ್ಟೈತಿ ಅನ್ನು ಅಂದ್ರು. ಯಾಕಂತ ನನಗೂ ಹೇಳಲಿಲ್ಲ."

ಹಾಗಾದರೆ ನೀನು ನೋಡಿದ್ದೆ! ನೋಡಿಯೂ ನನ್ನ ಮನೆಗೆ ಬಂದು ನಕ್ಕೆಯಾ? ನಡುವೆ ಕೂರೆಂದು ಕರೆದೆಯಾ? ಕೊರಳನ್ನು ದೇವರು ನಿನಗೆ ಕೊಟ್ಟ, ಸರಿ. ಈ ದೊಡ್ಡತನದಲ್ಲಾದರೂ ನನಗಿಂತ ಒಂದು ಮೆಟ್ಟಿಲು ಕೆಳಗೆ ಉಳಿಯಬಾರದಿತ್ತೇ? ಇದಕ್ಕೂ ಹೊಟ್ಟೆ ಉರಿಯುತ್ತಿದೆ ಗೆಳೆಯ, ಉಳಿದೆಲ್ಲಕ್ಕಿಂತ ಹೆಚ್ಚಾಗಿ.

ನೀನು ಕೇಳದ ಸುದ್ದಿ ಇದು. ಬರುವ ಶ್ರಾವಣಕ್ಕೆ ನಿನ್ನ ಮಗಳು ಗಿರಿಜೆ ಹಾಡುತ್ತಾಳೆ. ಕೊರಳು ನಿನ್ನದೇ, ಕೇಳಿದೊಡನೆ ನನ್ನ ಹುಬ್ಬು ತಾನಾಗಿ ಗಂಟಾಯಿತು. ಅರ್ಥ ಹೇಳಲು ಒಪ್ಪಿದ್ದೇನೆ. ನಡುವೆ ಗ್ರಂಥ, ಆಚೆ ಆಕೆ, ಈಚೆ ನಾನು. ಟಿವಿಯವರೂ ಬರುತ್ತಾರೆ. ಈಗ ಅಗಲ ಚಿತ್ರವನ್ನು ಅಗಲವಾಗಿಯೇ ಕಳಿಸುತ್ತಾರಂತೆ, ಏನನ್ನೂ ಕತ್ತರಿಸುವುದಿಲ್ಲವಂತೆ. ಶ್ರಾವಣಕ್ಕೆ ಇನ್ನೂ ಎರಡು ತಿಂಗಳಿದೆ. ದಿನವೂ ಪೂಜೆಯಾದ ಮೇಲೆ ಆಕೆಯನ್ನು ಕೂರಿಸಿ ಹಾಡಿಸುತ್ತೇನೆ. ಎದುರಿಗೆ ಕನ್ನಡಿ ಇಟ್ಟುಕೊಂಡು ಕೇಳುತ್ತೇನೆ.

ಇಂತು,
ನಿನ್ನ ಬಲಬದಿಯ
ಶಾಂತಯ್ಯ