ನೀಲಿಯಾಗದ ಮಣ್ಣು

ಹರಪನಹಳ್ಳಿ ಗರಡಿ, ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂವತ್ತೊಂದು.

ಎಲೈ ನನ್ನ ಮುತ್ತಜ್ಜರ ಕಾಲದ ಪೈಲ್ವಾನರೇ! ತಾರೀಖು ಕಂಡು ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತುಂಟು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕುಸ್ತಿ ಕಣದ ಕೂಗುಗಾರ ರುದ್ರಮುನಿ. ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿದವನು, ಮೆಲ್ಲಗೆ ಮಾತಾಡುವುದನ್ನು ಕಲಿಯಲೇ ಇಲ್ಲ. ಈಗ ಗಂಟಲು ದಣಿದಿದೆ.

ನಮ್ಮ ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನದ ಜೊತೆ ಸುಳಿವುಪುಡಿಯನ್ನೂ ಬೆರೆಸುತ್ತೇವೆ. ಸೆಣಸುವ ಮೈ ಕಾರ್ಟಿಸಾಲ್ ಎಂಬ ರಸವನ್ನು ಏರಿಸುತ್ತದಲ್ಲ, ಅದು ಬೆವರಿನಲ್ಲಿಳಿದು ಈ ಪುಡಿಗೆ ತಾಕಿದರೆ ಮಣ್ಣು ನೀಲಿ. ನೀಲಿ ಕಂಡರೆ ತಾಲೀಮು ನಿಲ್ಲಿಸಿ, ಮೈ ಆರಲಿ ಎಂದೇ ಹಿರಿಯರು ಇದನ್ನು ಹಾಕಿದ್ದು. ನಮ್ಮ ಜನ ನೋಡಿ! ನೀಲಿಯೆಂದರೆ ಪುಕ್ಕಲುತನ ಎಂದು ಬಗೆದರು. ಮಣ್ಣು ಕೆಂಪಾಗಿಯೇ ಉಳಿದರೆ ಜಯಕಾರ.

ನನ್ನ ಅಕ್ಕನ ಮಗಳು ಬಾಳವ್ವ. ಮೊದಲು ಅವಳ ಕಾಲಡಿ ಮಣ್ಣು ನೀಲಿಯಾಗುತ್ತಿತ್ತು, ಒಂದು ನಿದ್ದೆಗೆ ಮೈ ಹಗುರಾಗುತ್ತಿತ್ತು. ಉಸ್ತಾದ್ ಫಕೀರಪ್ಪ ರಜೆಯೇ ಕೊಡದೆ ಸಾಮು ಮಾಡಿಸಿದ. ಈ ಚಳಿಗಾಲ ಮಣ್ಣು ನೀಲಿಯಾಗುವುದನ್ನೇ ಬಿಟ್ಟಿತು. "ಹುಡುಗಿ ಕಬ್ಬಿಣ ಆದಳು!" ಎಂದು ಊರು ಕುಣಿಯಿತು. ಕಬ್ಬಿಣ ಎಲ್ಲಿಯದು ಸ್ವಾಮಿ? ಆ ರಸವನ್ನು ಏರಿಸುವ ತ್ರಾಣವೇ ಅವಳ ಮೈಗೆ ಉಳಿದಿಲ್ಲ ಎಂದರು ವೈದ್ಯೆ. ಸ್ನಾಯು ಒಡೆದು ರಕ್ತ ಸೇರುತ್ತಿದೆ. ಮುಟ್ಟು ನಿಂತಿದೆ, ನಿದ್ದೆ ಹತ್ತುತ್ತಿಲ್ಲ, ಮೆಟ್ಟಿಲೇರಲು ಗೋಡೆ ಬೇಕು. ಇನ್ನೊಂದು ಕುಸ್ತಿಗೆ ಮೂತ್ರಪಿಂಡವೇ ಕೈಕೊಟ್ಟೀತಂತೆ.

ಇವತ್ತು ಬೆಳಿಗ್ಗೆ ಫೈನಲ್. ನಾನು ಹೆಸರು ಕೂಗದೆ ಯಾರೂ ಕಣಕ್ಕಿಳಿಯುವಂತಿಲ್ಲ, ಅದು ಗರಡಿಯ ಕಟ್ಟಳೆ. ಬಾಳವ್ವ ಸೊಂಟ ಬಿಗಿದು ಬಂದಳು.

"ಮಾಮಾ, ಜೋರಾಗಿ ಕೂಗು. ಗಂಟಲಿಗೆ ತುಕ್ಕು ಹಿಡದೈತೇನು?"

ನಗುತ್ತಲೇ ಕಂಬಕ್ಕೆ ಒರಗಿದಳು. ನಾನು ಅವಳ ಹೆಸರು ಕೂಗಲಿಲ್ಲ.

"ಏ ನಾಟಕದವನೇ, ಮಾತು ಮರೆತ್ಯೇನೋ?" ಫಕೀರಪ್ಪ ಆಚೆಯಿಂದ ಚುಚ್ಚಿದ.

ನಮ್ಮ ಗರಡಿಯಲ್ಲಿ ಹಿಂದೆ ಅಮಾವಾಸ್ಯೆಗೊಂದು ಕೂಗಿತ್ತು. ಅದು ಬಿದ್ದರೆ ಆ ದಿನ ಯಾರೂ ಕಣ ತುಳಿಯುವಂತಿಲ್ಲ. ತಲೆಮಾರುಗಳಿಂದ ಯಾರೂ ಕೂಗಿರಲಿಲ್ಲ, ಯಾರೂ ರದ್ದು ಮಾಡಿಯೂ ಇರಲಿಲ್ಲ. ಇವತ್ತು ಅಮಾವಾಸ್ಯೆಯೇ. ಎದೆ ತುಂಬ ಉಸಿರೆಳೆದು ಕೂಗಿದೆ: "ಮಣ್ಣು ಮಲಗೈತಿ!"

ಸಾವಿರಾರು ಜನ ಬೈದರು. ಫಕೀರಪ್ಪ ಪೇಟ ಎಸೆದ. ಬಾಳವ್ವ ನನ್ನ ಮುಖಕ್ಕೆ ಮಣ್ಣೆರಚಿ ಹೋದಳು, ಮಾತು ಬಿಟ್ಟಿದ್ದಾಳೆ.

ಪೈಲ್ವಾನರೇ, ನಿಮ್ಮಲ್ಲಿ ಆ ಕೂಗು ಇನ್ನೂ ಬದುಕಿದ್ದರೆ ಸಾಯಗೊಡಬೇಡಿ. ಏನು ಬರೆದರೂ ಅಬ್ಬರಿಸಿ ಓದಿಕೊಳ್ಳುತ್ತಲೇ ಬರೆಯುವುದು ನನ್ನ ಚಾಳಿ. ಇಂದು ಪಿಸುಗುಟ್ಟುತ್ತಿದ್ದೇನೆ. ಮೂಲೆಯ ಚಾಪೆಯ ಮೇಲೆ, ನನಗೆ ಬೆನ್ನು ತಿರುಗಿಸಿ, ಬಾಳವ್ವ ಗೊರಕೆ ಹೊಡೆಯುತ್ತಿದ್ದಾಳೆ.