ಮೊದಲ ಉಳಿ

ಸಾಗರ, ಮಂಗಳವಾರ

ಯಜಮಾನರಾದ ಜಟ್ಟಿಂಗಪ್ಪನವರಿಗೆ ಹಾಲಮ್ಮನ ನಮಸ್ಕಾರ.

ನಮ್ಮ ಗಂಧದ ಕೆತ್ತನೆ ಶೆಡ್ಡಿಗೆ ಸುರೇಂದ್ರನನ್ನೇ ಮೇಸ್ತ್ರಿ ಮಾಡಿ ಅಂತ ಹೋದ ವಾರ ನಾನೇ ಬರೆದುಕೊಟ್ಟಿದ್ದೆ. ಆ ಚೀಟಿ ಹರಿದುಹಾಕಿ.

ತಂಗಿ ಮಗುವಿನ ನಾಮಕರಣಕ್ಕೆ ತೀರ್ಥಹಳ್ಳಿಗೆ ಹೋಗಿದ್ದ ಎರಡು ದಿನವೂ ಫೋನ್ ನಿಲ್ಲಲಿಲ್ಲ. ಶೆಡ್ಡಿನವರು ಒಬ್ಬೊಬ್ಬರಾಗಿ ಮರದ ತುಂಡಿನ ಫೋಟೊ ಕಳಿಸಿ, ಮೊದಲ ಉಳಿ ಎಲ್ಲಿ ಇಡೋದು ಅಂತ ಕೇಳೋರು. ತೊಟ್ಟಿಲು ತೂಗುತ್ತಲೇ ಹೇಳಿದೆ.

ವಾಪಸ್ ಬರುವಾಗ ಆ ಫೋನುಗಳದ್ದೇ ಯೋಚನೆ, ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಹೊಸನಗರ ದಾಟುವವರೆಗೂ ನಿಂತೇ ಇದ್ದೆ. ಹದಿನಾಲ್ಕು ವರ್ಷದಿಂದ ಮೇಸ್ತ್ರಿ ಕೆಲಸ ಮಾಡ್ತಿರೋದು ನಾನೇ ಅಂತ ಆಗ ಹೊಳೆಯಿತು.

ಆ ಜಾಗ ನನಗೆ ಕೊಡಿ. ನಾಳೆಯೇ ಹೇಳಿ, ಕಾಯೋಕೆ ನನ್ನಿಂದಾಗಲ್ಲ. ಹೆಂಗಸಿನ ಮಾತು ಯಾರು ಕೇಳ್ತಾರೆ ಅಂತ ಅನುಮಾನವಿದ್ದರೆ ಸುರೇಂದ್ರನನ್ನೇ ಕರೆದು ವಿಚಾರಿಸಿ. ಎಲ್ಲರಿಗಿಂತ ಹೆಚ್ಚು ಸಲ ಫೋನ್ ಮಾಡಿದ್ದು ಅವನೇ.

ಇತಿ,
ಹಾಲಮ್ಮ